ಹುಣ್ಣಿಮೆಯ ಬುಟ್ಟಿಯಲ್ಲಿ ಐದು ಹುಳು

ಹೊಸನಗರದ ಅಂಚಿನಲ್ಲಿರುವ ನಮ್ಮ ಮನೆಯ ಬೇಲಿಯನ್ನು ನಾನು ಸವರಿಸುವುದಿಲ್ಲ. ಮೊದಲು ಅಲ್ಲಿ ಕ್ರೋಟನ್ ಗಿಡಗಳಿದ್ದವು, ಎಲ್ಲವೂ ಒಂದೇ ಎತ್ತರಕ್ಕೆ, ಕಾನ್ವೆಂಟಿನಲ್ಲಿ ಬೆಳಗಿನ ಪ್ರಾರ್ಥನೆಗೆ ನಾವು ಸಾಲಾಗಿ ನಿಲ್ಲುತ್ತಿದ್ದ ಹಾಗೆ. ಅವುಗಳ ಎಲೆಯಲ್ಲಿ ಒಂದು ತೂತು ಕೂಡ ಇರುತ್ತಿರಲಿಲ್ಲ. ಯಾವ ಹುಳುವಿಗೂ ಅವು ಬೇಡವಾಗಿದ್ದವು. ಅದನ್ನು ಗಮನಿಸಿದ ವರ್ಷ ಅವನ್ನು ತೆಗೆಸಿ, ಇಲ್ಲಿಯವೇ ಆದ ಲಕ್ಕಿ, ಕೇಪಳ, ನೆಕ್ಕರಿಕ ನೆಟ್ಟೆ. ಗೇಟಿನ ಪಕ್ಕದಲ್ಲಿ ಒಂದು ಈಶ್ವರಿ ಬಳ್ಳಿ. ಕಪ್ಪು-ಹಳದಿ ರೆಕ್ಕೆಯ ದೊಡ್ಡ ಚಿಟ್ಟೆ ಮೊಟ್ಟೆಯಿಡುವುದು ಆ ಜಾತಿಯ ಬಳ್ಳಿಗಳ ಮೇಲೆ ಮಾತ್ರ.

ನಾಲ್ಕನೆಯ ವರ್ಷ ಅದು ಬಂತು. ಭೂಮಿ ಹುಣ್ಣಿಮೆಗೆ ಎರಡು ದಿನವಿರುವಾಗ ಬಳ್ಳಿಯ ಮೇಲೆ ಐದು ಹುಳುಗಳಿದ್ದವು: ಕಂದುಗೆಂಪು ಮೈ, ಮೆತ್ತನೆಯ ಮುಳ್ಳು, ನಡುವಿನಲ್ಲಿ ಓರೆಯಾಗಿ ಒಂದು ತಿಳಿ ಪಟ್ಟಿ. ಎಲೆ ಹನ್ನೊಂದು ಮಾತ್ರ ಉಳಿದಿದ್ದವು. ಮರುದಿನ ಬೆಳಿಗ್ಗೆ ನಾಲ್ಕೇ ಎಲೆ.

ರಸ್ತೆಯಾಚೆಯಿಂದ ಅಂಥದೇ ಹೃದಯದಾಕಾರದ ಎಲೆಗಳಿದ್ದ ಬಳ್ಳಿಯೊಂದನ್ನು ತಂದು ಸುತ್ತಿದೆ. ಹುಳುಗಳು ಎಲೆಯ ಅಂಚನ್ನು ಮುಟ್ಟಿ ಹಿಂದೆ ಸರಿದವು. ಮಧ್ಯಾಹ್ನದ ಹೊತ್ತಿಗೆ ಬಳ್ಳಿಯ ಸಿಪ್ಪೆಯನ್ನೇ ಕೆರೆಯತೊಡಗಿದ್ದವು.

ಆಗ ಪಕ್ಕದ ಮನೆಯಾಕೆ ಬುಟ್ಟಿ ಹಿಡಿದು ಬಂದರು. ಹುಣ್ಣಿಮೆಯ ದಿನ ತೆನೆ ಕಟ್ಟುವ ಗದ್ದೆ ಬಸುರಿ ಎಂದು ಇಲ್ಲಿಯ ನಂಬಿಕೆ. ನೂರೊಂದು ಬಗೆಯ ಕುಡಿ ಕೊಯ್ದು, ಅವನ್ನು ಹಾಕಿ ಅಂಬಲಿ ಕಾಯಿಸಿ, ಮುಂಜಾನೆ ಗದ್ದೆಗೆ ಬೀರುತ್ತಾರೆ. ಅವರಿಗೆ ಅರ್ಧದಷ್ಟು ಕುಡಿ ಸಿಗುವುದು ನಮ್ಮ ಬೇಲಿಯಲ್ಲೇ.

"ಎಂತದಮ್ಮ ಇದು, ಹುಳಕ್ಕೆ ಹಾಡೆಬಳ್ಳಿ ಕಟ್ಟಿದೀರಿ? ಅವಕ್ಕೂ ಉಷ್ಣ ಆಗ್ಯದಾ?"

"ಈಶ್ವರಿ ಅಂದ್ಕೊಂಡೆ."

"ಕಾನ್ವೆಂಟಲ್ಲಿ ಎಲೆ ಮೂಸಿ ನೋಡೋದು ಕಲಿಸ್ಲಿಲ್ವಾ?"

ಮೈ ಉಷ್ಣಕ್ಕೆ ಇಲ್ಲಿ ರಸ ಹಿಂಡಿ ಕುಡಿಯುವ ಬಳ್ಳಿ ಹಾಡೆ. ಅದರ ತೊಟ್ಟು ಎಲೆಯ ಅಂಚಿಗೆ ಕೂಡುವುದಿಲ್ಲ, ಒಳಕ್ಕೆ ಸರಿದು ಕೂಡುತ್ತದೆ. ಅಷ್ಟು ಸಣ್ಣದೂ ನನಗೆ ಕಾಣುತ್ತದೆ ಎಂದುಕೊಂಡಿದ್ದೆ. ಕಂಡಿರಲಿಲ್ಲ.

"ನಮ್ಮ ಗದ್ದೆ ಅಂಚಲ್ಲಿ ಈಶ್ವರಿ ರಾಶಿ ಅದೆ. ದನಕ್ಕೆ ಹೊಟ್ಟೆ ಉಬ್ಬರಿಸಿದ್ರೆ ಬೇಕಾಗ್ತದೆ ಅಂತ ಬಿಟ್ಟಿದ್ದು," ಎಂದರು.

"ಸ್ವಲ್ಪ ಕೊಯ್ದು ತಂದ್ಕೊಡ್ತೀರಾ?"

"ಇವತ್ತು ತಂದ್ರೆ ನಾಳೆಗೆ ಬಾಡ್ತದೆ. ನಾಳೆ ಹಬ್ಬ, ಅಲ್ಲಿ ಕತ್ತಿ ಮುಟ್ಸಂಗಿಲ್ಲ. ಹುಳನ್ನೇ ಕಳ್ಸಿ."

ಚಿಟ್ಟೆ ರೆಕ್ಕೆ ಬಿಚ್ಚುವುದನ್ನು ನನ್ನ ಗೇಟಿನ ಪಕ್ಕದಲ್ಲೇ ನೋಡಬೇಕೆಂದು ನಾಲ್ಕು ವರ್ಷ ಆ ಬಳ್ಳಿಗೆ ನೀರು ಹಾಕಿದ್ದೆ.

ಅವರು ಕೇಪಳದ ಒಂದು ಕುಡಿ ಚಿವುಟಿ ಬುಟ್ಟಿಗೆ ಹಾಕಿದರು. "ಬಸುರಿಗೆ ನೂರೊಂದು ಬಯಕೆ. ನಿಮ್ಮ ಹುಳಕ್ಕೆ ಇರೋದು ಒಂದೇ. ಅದನ್ನೂ ತೀರ್ಸೋದ್ ಬ್ಯಾಡ್ವಾ?"

ಅಡಿಕೆ ಹಾಳೆಯ ತುಂಡನ್ನು ದೊನ್ನೆಯಂತೆ ಮಡಚಿ, ಹುಳುಗಳನ್ನು ಅವು ಕಚ್ಚಿಕೊಂಡಿದ್ದ ಕಾಂಡದ ಸಮೇತ ಅದರಲ್ಲಿಟ್ಟೆ. ಬುಟ್ಟಿಯ ಕುಡಿಗಳ ಮೇಲೆ ಇಡಹೋದಾಗ ಅವರು ಅದನ್ನು ಕೈಗೆ ತೆಗೆದುಕೊಂಡರು. "ತಡೀರಿ, ಅಂಬಲಿಗೆ ಬಿದ್ದಾವು. ಆಮೇಲೆ ನೂರೊಂದು ಹೋಗಿ ನೂರಾರಾಗ್ತದೆ."

ಬೆಳಕಿರುವಾಗಲೇ ಗದ್ದೆಗೆ ಹೋಗಿ ಬಿಟ್ಟುಬಂದರು. ಎರಡು ವಾರದ ಮೇಲೆ ಬೇಲಿಯಾಚೆಯಿಂದಲೇ ಕೂಗಿ ಹೇಳಿದರು: "ಮೂರು ಎಲ್ಲಿ ಹೋದ್ವೋ ಕಾಣ್ಲಿಲ್ಲ. ಎರಡು ಗೂಡು ಕಟ್ಯಾವೆ."

ಕೊಯ್ಲಿಗೆ ಮುಂಚೆ ಗದ್ದೆಯ ಅಂಚು ಸವರುವುದು ವಾಡಿಕೆ. ಆ ವಾರ ಅವರ ಜೊತೆ ನೋಡಲು ಹೋದೆ. ಅಂಚು ಉದ್ದಕ್ಕೂ ಬೋಳಾಗಿತ್ತು. ನಡುವೆ ಒಂದು ಮಾರು ಮಾತ್ರ ಹುಲ್ಲು, ಬಳ್ಳಿ ಎಲ್ಲ ಹಾಗೇ ನಿಂತಿತ್ತು. ಅಲ್ಲಿ ಒಂದು ಗೂಡು ಸೀಳಿ ಖಾಲಿಯಾಗಿತ್ತು. ಇನ್ನೊಂದು ಒಣಗಿದ ಎಲೆಯಂತೆ, ಮುಚ್ಚಿಕೊಂಡೇ ಇತ್ತು.

"ನಮ್ಮನೆಯವ್ರು ಕತ್ತಿ ಹಿಡ್ಕೊಂಡು ಇಲ್ಲಿವರೆಗೂ ಬಂದಿದ್ರು," ಎಂದರು ಅವರು. "ಅಲ್ಲಿ ಪಕ್ಕದ ಮನೆಯಮ್ಮನ ಬಸುರಿ ಇದಾಳೆ, ದಾಟಿ ಹೋಗಿ ಅಂದೆ."