ಗೋಡೆಯಲ್ಲಿ ಬಾಗಿಲಿದ್ದ ಮನೆ

ನನ್ನ ಮೊಮ್ಮಗಳಿಗೆ ಹಳೇ ಕಟ್ಟಡಗಳ ಹುಚ್ಚು. ಅಮೆರಿಕದ ಬಾಥೆಲ್‌ನಲ್ಲಿ ನಾವಿರುವ ಕಡೆ ಮನೆಗಳೆಲ್ಲ ಒಂದೇ ಅಚ್ಚಿನವು; ನಂಬರ್ ನೋಡದಿದ್ದರೆ ನಾನು ಪಕ್ಕದವರ ಮನೆಗೆ ನುಗ್ಗುತ್ತೇನೆ. ಹುಚ್ಚು ಹಿಡಿದದ್ದು ಅದಕ್ಕೇ ಇರಬೇಕು. ಕಾರಿನಲ್ಲಿ ಸ್ವಲ್ಪ ದೂರ ಹೋದರೆ ಗುಡ್ಡದ ಮೇಲೆ ಒಂದು ಭಾರಿ ಮನೆಯಿದೆ. ಹಿಂದೆ ಮರದ ವ್ಯಾಪಾರಿಯೊಬ್ಬ ಇಂಗ್ಲೆಂಡಿನ ದೊರೆಗಳ ಹಳ್ಳಿಮನೆ ನೋಡಿಬಂದು, ಅಂಥದ್ದೇ ಬೇಕೆಂದು ಕಟ್ಟಿಸಿದ್ದು. ಅಲ್ಲಿ ಕೆಡವುತ್ತಿದ್ದ ಒಂದು ಮನೆಯ ಮೆಟ್ಟಿಲನ್ನೇ ಬಿಚ್ಚಿಸಿ ಹಡಗಿನಲ್ಲಿ ತರಿಸಿದನಂತೆ. ಈಗ ಯಾರೂ ವಾಸವಿಲ್ಲ. ಟಿಕೆಟ್ ಕೊಂಡವರಿಗೆ ತೋರಿಸುತ್ತಾರೆ.

ಹಾಗೆ ತೋರಿಸುವ ಕೆಲಸ ಮೊಮ್ಮಗಳಿಗೆ ಬೇಕಿತ್ತು. ಒಮ್ಮೆ ಪರೀಕ್ಷೆ ಮಾಡಿ, ಬಾಯಿಪಾಠ ಒಪ್ಪಿಸುತ್ತಾಳೆ ಎಂದು ವಾಪಸ್ ಕಳಿಸಿದ್ದರು. ಇದು ಎರಡನೆಯ ಸಲ, ಕೊನೆಯದೂ ಇದೇ. ಅಲ್ಲಿನ ಹಿರಿಯ ಗೈಡ್ ಹೆಂಗಸು ಜನರ ಜೊತೆಯಲ್ಲೇ ನಡೆದು ನೋಡುತ್ತಾಳೆ. ಮಗಳೂ ನಾನೂ ಹೊರಟೆವು.

"ಅಜ್ಜಿ, ಪ್ಲೀಸ್, ಡೋಂಟ್ ಟಚ್ ಎನಿಥಿಂಗ್," ಎಂದಳು ಮೊಮ್ಮಗಳು ಕಾರಿನಲ್ಲಿ.

"ನಾನೇನು ಕೋತೀನೇನೇ?"

"ಅಮ್ಮ, ಸುಮ್ನೆ ಹೂಂ ಅನ್ನು," ಎಂದಳು ಮಗಳು.

ಹೂಂ ಅಂದೆ.

ಮನೆ ಎದುರಿನಿಂದ ಚೆನ್ನಾಗಿದೆ. ಕೆಂಪು ಇಟ್ಟಿಗೆ, ಉದ್ದುದ್ದ ಕಿಟಕಿ, ಬಲಕ್ಕೆಷ್ಟೋ ಎಡಕ್ಕೂ ಅಷ್ಟೇ. ಚಿಮಣಿಗಳಲ್ಲಿ ಕೆಲವು ಸುಳ್ಳಂತೆ; ಕೆಳಗೆ ಒಲೆಯೇ ಇಲ್ಲ, ಎರಡೂ ಕಡೆ ಸಮ ಕಾಣಲಿ ಎಂದು ಇಟ್ಟಿದ್ದಾರೆ ಎಂದು ಮಗಳು ಹೇಳಿದಳು. ದಡ್ಡತನ. ಆದರೂ ಕಣ್ಣಿಗೆ ಹಿತ. ಬಾಗಿಲಲ್ಲಿ ಹೊಸಿಲು ಕಂಡಿತು. ಶೂ ಬಿಚ್ಚಿ ಗೋಡೆ ಬದಿಗಿಟ್ಟು ಸಾಕ್ಸಿನಲ್ಲೇ ಒಳಗೆ ಹೋದೆ. ಮಗಳು ಹಣೆ ಚಚ್ಚಿಕೊಂಡಳು.

ಒಳಗೆ ಎರಡಂತಸ್ತು ಎತ್ತರದ ಹಜಾರ. ಗೋಡೆಗೆಲ್ಲ ಕರೀ ಮರದ ಹಲಗೆ. ಮೇಲೆ ಸುತ್ತಲೂ ಕಟಕಟೆಯಿರುವ ಗ್ಯಾಲರಿ. ಮೊಮ್ಮಗಳು ಮಾತು ಶುರುಮಾಡಿದಳು, ರೈಲಿನ ಹಾಗೆ ಓಡಿಸಿದಳು. ಜನ ಬೇಸತ್ತು ಫೋನ್ ತೆಗೆದರು. ಹಿರಿಯ ಹೆಂಗಸು ತುಟಿ ಬಿಗಿದಳು. ಈ ಸಲವೂ ಹೋಯಿತು ಅಂದುಕೊಂಡೆ.

ಮಂಡಿ ನೋಯುತ್ತಿತ್ತು, ಗೋಡೆಗೆ ಒರಗಿದೆ. ಗೋಡೆ ಹಿಂದಕ್ಕೆ ಹೋಯಿತು. ಹಲಗೆಯ ಗೆರೆಗೆ ಗೆರೆ ಕೂಡಿಸಿ ಮಾಡಿದ ಬಾಗಿಲು ಅದು, ಹಿಡಿಯಿಲ್ಲ, ಚಿಲಕವಿಲ್ಲ. ನಾನು ಒಳಗೆ ಬಿದ್ದ ಹಾಗೆ ಹೋದದ್ದೇ ತಡ, ತಾನಾಗಿ ಮುಚ್ಚಿಕೊಂಡಿತು. ಸಾಕ್ಸಿನಲ್ಲಿದ್ದೆನಲ್ಲ, ಯಾರಿಗೂ ಗೊತ್ತಾಗಲಿಲ್ಲ. ಒಬ್ಬರೇ ನಡೆಯುವಷ್ಟು ಓಣಿ, ಸುಣ್ಣದ ಗೋಡೆ, ಏಣಿಯಂಥ ಮೆಟ್ಟಿಲು. ಬಾಗಿಲು ಎಳೆಯಲು ಬರಲಿಲ್ಲ. ಹತ್ತಿದೆ.

ಮೇಲೆ ಇನ್ನೊಂದು ಬಾಗಿಲು ತಳ್ಳಿದರೆ ಗ್ಯಾಲರಿ. ಕೆಳಗೆ ಮೊಮ್ಮಗಳ ನೆತ್ತಿ.

"ಪುಟ್ಟೀ, ಗೋಡೆ ಒಳಗೆ ಮೆಟ್ಲಿದೆ ಕಣೇ! ಇದ್ರಲ್ಲಿ ಯಾರೇ ಓಡಾಡ್ತಿದ್ರು?"

ಎಲ್ಲರೂ ಕತ್ತೆತ್ತಿದರು. ಹಿರಿಯ ಹೆಂಗಸಿನ ಮುಖ ಕೆಂಪಾಯಿತು.

"ಅಮ್ಮಾ, ಇಳಿ ಕೆಳಗೆ!"

"ಹೆಂಗೇ ಇಳೀಲಿ? ಬಾಗ್ಲು ತೆಗೆಯಕ್ಕೆ ಬರಲ್ಲ!"

ಮೊಮ್ಮಗಳು ಪಕ್ಕೆಂದು ನಕ್ಕಳು. ನಾನು ಕೇಳಿದ್ದನ್ನು ಜನರಿಗೆ ಇಂಗ್ಲಿಷಿನಲ್ಲಿ ಹೇಳಿ, ಅಲ್ಲಿಂದಲೇ ಮಾತು ಹಿಡಿದಳು. ಏನಂದಳೆಂದು ಮಗಳು ಆಮೇಲೆ ತಿಳಿಸಿದಳು. ಇದ್ದಿಲು, ಬಿಸಿನೀರು, ಊಟ, ಕಕ್ಕಸಿನ ಪಾತ್ರೆ, ಎಲ್ಲ ಹೊತ್ತು ಆಳುಗಳು ಗೋಡೆಯೊಳಗೇ ನಡೆಯಬೇಕು; ದೊರೆಗಳ ಕಣ್ಣಿಗೆ ಬೀಳಬಾರದು. ದೊಡ್ಡ ಮೆಟ್ಟಿಲು ಮೆರೆಯುವುದಕ್ಕೆ, ಇದು ದುಡಿಯುವುದಕ್ಕೆ. ಜನ ಪ್ರಶ್ನೆ ಕೇಳಿದರು. ಹಲಗೆ ತಟ್ಟಿ ಬಾಗಿಲು ಹುಡುಕಿದರು. ಒಬ್ಬರ ಕೈಯಲ್ಲೂ ಫೋನಿಲ್ಲ. ಅವಳು ನಿಧಾನವಾಗಿ, ಮನೆಯಲ್ಲಿ ಮಾತಾಡುವ ಹಾಗೆ ಮಾತಾಡುತ್ತಿದ್ದಳು.

ಹಿರಿಯ ಹೆಂಗಸೇ ಮೇಲೆ ಬಂದು ನನ್ನ ರಟ್ಟೆ ಹಿಡಿದು ದೊಡ್ಡ ಮೆಟ್ಟಿಲಿನಲ್ಲಿ ಇಳಿಸಿದಳು. ಬಿಗಿಯಾಗೇ ಹಿಡಿದಿದ್ದಳು. ಮೆಟ್ಟಿಲು ಅಗಲ, ತಗ್ಗು. ನನ್ನ ಮಂಡಿಗೆ ಹೇಳಿ ಮಾಡಿಸಿದ ಹಾಗಿತ್ತು.

ಕೊನೆಗೆ ಅವಳು ಮೊಮ್ಮಗಳನ್ನು ಪಕ್ಕಕ್ಕೆ ಕರೆದಳು. ನಾವು ಕಾರಿನಲ್ಲಿ ಕಾದೆವು.

"ಅಜ್ಜಿ, ಯು ಆಲ್ಮೋಸ್ಟ್ ಕಿಲ್ಡ್ ಮಿ," ಎನ್ನುತ್ತಾ ಬಂದಳು.

"ಅದಿರ್ಲಿ. ಕೆಲ್ಸ ಸಿಕ್ತೋ ಇಲ್ವೋ?"

"ಸಿಕ್ತು! ಎವ್ರಿ ಸ್ಯಾಟರ್ಡೇ. ಬಟ್ ದೇ ಆರ್ ಲಾಕಿಂಗ್ ದಟ್ ಡೋರ್."

"ಬೀಗ ಹಾಕ್ಕೊಳ್ಳಲಿ ಬಿಡು."

ದಾರಿಯಲ್ಲಿ ಲಿನ್‌ವುಡ್‌ನ ನಮ್ಮವರ ಹೋಟೆಲಿನಲ್ಲಿ ತಿಂಡಿಗೆ ನಿಲ್ಲಿಸಿದೆವು. ಮುಂದಿನ ಶನಿವಾರ ಎಲ್ಲಿಂದ ಶುರುಮಾಡಲಿ ಎಂದು ಅವಳು ಅಮ್ಮನ ಹತ್ತಿರ ಒಂದೇ ಸಮನೆ ಮಾತಾಡುತ್ತಿದ್ದಳು. ಗೋಡೆಯಿಂದಲೇ ಅಂತೆ. ನಾನು ಇನ್ನೊಂದು ವಡೆ ಹಾಕಿಸಿಕೊಂಡೆ.