ಬೂಟು ಬಂತು, ಕಾಲು ಬರಲಿಲ್ಲ

ಬೆಳಗಿನ ಐದೂವರೆ. ಮಳೆಕಾಡಿನ ಉದ್ಯಾನದ ಗೇಟು ತೆರೆಯಲು ಇನ್ನೂ ಎರಡು ಗಂಟೆಯಿದೆ. ತಗಡಿನ ಮಾಡಿನ ಕೆಳಗೆ ಒಬ್ಬ ಹೆಂಗಸು ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಗಮ್‌ಬೂಟುಗಳನ್ನು ಒಂದೊಂದಾಗಿ ತಲೆಕೆಳಗು ಮಾಡಿ ಕಂಬಕ್ಕೆ ಬಡಿಯುತ್ತಿದ್ದಾರೆ. ಪ್ರತಿ ಬೂಟಿಗೂ ಮೂರು ಏಟು. ಒಂದರೊಳಗಿಂದ ಬೆರಳುದ್ದದ ಚೇಳು ಉದುರುತ್ತದೆ. "ನಡಿಯಪ್ಪಾ ನಡಿ, ಬಾಡಿಗೆ ಇಲ್ಲದೆ ಎಷ್ಟು ದಿನ ಇರ್ತೀಯ?" ಎನ್ನುತ್ತಾ ಅದನ್ನು ಪೊರಕೆಯಿಂದ ಹುಲ್ಲಿನ ಕಡೆ ತಳ್ಳುತ್ತಾರೆ. ಆಮೇಲೆ ತುದಿಗೆ ಬಟ್ಟೆ ಸುತ್ತಿದ ಕೋಲನ್ನು ಬೂಟಿನ ಮೂತಿಯವರೆಗೂ ಇಳಿಸಿ ತಿರುಗಿಸುತ್ತಾರೆ. "ಕೈ ಹಾಕೋ ಧೈರ್ಯ ಹನ್ನೊಂದು ವರ್ಷ ಆದ್ರೂ ಬಂದಿಲ್ಲ. ಹೆದರಿಕೆ ಇರೋದಕ್ಕೇ ಹತ್ತು ಬೆರಳೂ ಉಳಿದಿವೆ."

ಇವರು ಬೂಟಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ತಣ್ಣಗೆ ಮಲಗಿದೆ, ಯಾರೂ ಅದನ್ನು ಎಬ್ಬಿಸುವುದಿಲ್ಲ. ಟಿಕೆಟ್ ಕಿಟಕಿಯ ಗುಮಾಸ್ತನಿಂದ ಹಿಡಿದು ಸೂಪರ್‌ವೈಸರ್‌ವರೆಗೆ ಎಲ್ಲರಿಗೂ ಬೂಟಕ್ಕನೇ. ಈ ಕಾಡಿನ ನೆಲದ ತುಂಬ ಜಿಗಣೆ ಮತ್ತು ಕೆಸರು. ಹಾಗಾಗಿ ಒಳಗೆ ಹೋಗುವವರೆಲ್ಲ ತಮ್ಮ ಚಪ್ಪಲಿ, ಶೂ ಇಲ್ಲಿ ಬಿಟ್ಟು ಉದ್ಯಾನದ ಬೂಟು ತೊಡಬೇಕು. ಒಟ್ಟು ನೂರ ನಲವತ್ತು ಜೊತೆ. ಸಾಮಾನ್ಯ ದಿನಗಳಲ್ಲಿ ತೊಂಬತ್ತು ನೂರು ಜನ ಬಂದರೆ ಭಾನುವಾರ ಇನ್ನೂರು ದಾಟುತ್ತದೆ. ಆವತ್ತು ಒಂದೇ ಬೂಟು ಎರಡು ಸಲ ಕಾಡು ಸುತ್ತುತ್ತದೆ. ತೊಳೆಯುವುದು, ಒರೆಸುವುದು, ಸುಣ್ಣದ ನೀರು ಚಿಮುಕಿಸುವುದು, ಹರಿದದ್ದನ್ನು ಬೇರೆ ಎತ್ತಿಡುವುದು, ಎಲ್ಲಕ್ಕೂ ಇವರೊಬ್ಬರೇ.

ಹರಿದ ಬೂಟು ಸಂಜೆ ಇವರ ಜೊತೆ ಮನೆಗೆ ಹೋಗುತ್ತದೆ. ಗಂಡನದು ರಸ್ತೆ ಬದಿಯ ಪಂಕ್ಚರ್ ಅಂಗಡಿ. ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ, ಸೊಲ್ಯೂಷನ್ ಬಳಿದು, ಇಕ್ಕಳದಲ್ಲಿ ಒತ್ತಿ ಒಣಗಲು ಬಿಡುತ್ತಾರೆ. "ಬೇರೆ ಹೆಂಡ್ತಿಯರು ಮನೆಗೆ ಹಣ್ಣು ಹೂವು ತರ್ತಾರೆ, ನಮ್ಮವಳು ಊರವರ ಹಳೇ ಬೂಟು ತರ್ತಾಳೆ" ಎಂದು ಅವರ ತಮಾಷೆ. ಹಾಗೆಂದು ಒಂದು ದಿನವೂ ತೇಪೆ ಹಾಕದೆ ಬಿಟ್ಟವರಲ್ಲ.

ಬೂಟಕ್ಕನ ಕೆಲಸದಲ್ಲಿ ಟೋಕನ್ ಇಲ್ಲ, ಚೀಟಿ ಇಲ್ಲ. ಎದುರಿಗಿರುವ ಹನ್ನೆರಡು ಸಾಲಿನ ಮರದ ಹಲಗೆಗಳೇ ಅವರ ಪುಸ್ತಕ. ಯಾರ ಶೂ ಹಲಗೆಯ ಮೇಲಿದೆಯೋ ಅವರು ಕಾಡಿನೊಳಗಿದ್ದಾರೆ. ಶೂ ಹೋಯಿತೆಂದರೆ ಮನುಷ್ಯ ಹೊರಗೆ ಬಂದ. ಆಫೀಸಿನ ಲೆಕ್ಕ ಬೇರೆ. ಗುಮಾಸ್ತ ಸಂಜೆ ವಾಪಸ್ ಬಂದು ತೊಳೆಯುವ ತೊಟ್ಟಿಗೆ ಬಿದ್ದ ಬೂಟುಗಳನ್ನು ಎಣಿಸಿ ಬರೆದುಕೊಳ್ಳುತ್ತಾನೆ. ತಲೆ ಎಣಿಸಿದರೆ ಜನ ಓಡಾಡುತ್ತಾರೆ, ಬೂಟು ಸುಮ್ಮನೆ ಬಿದ್ದಿರುತ್ತದೆ ಎಂಬುದು ಅವನ ವಾದ. ಸೋಮಾರಿಗೆ ಕಾರಣಕ್ಕೇನು ಬರ?

ಈ ಹಲಗೆಯನ್ನು ನಂಬಿಯೇ ಬೂಟಕ್ಕ ಒಮ್ಮೆ ಕೆಟ್ಟಿದ್ದಾರೆ. ಎರಡು ವರ್ಷದ ಹಿಂದೆ ಸಂಜೆ ಒಂದು ಜೊತೆ ಕಂದು ಚಪ್ಪಲಿ ಉಳಿಯಿತು. ಒಳಗೆ ಯಾರೋ ಸಿಕ್ಕಿಕೊಂಡಿದ್ದಾರೆ ಎಂದು ಇವರು ಕೂಗಿದರು. ಎಂಟು ಜನ ಮೂರು ಗಂಟೆ ಮಳೆಯಲ್ಲಿ ಕಾಡು ಜಾಲಾಡಿದರು. ಚಪ್ಪಲಿಯ ಯಜಮಾನ ಅಷ್ಟರಲ್ಲಿ ತನ್ನೂರಿನಲ್ಲಿ ಹಾಯಾಗಿ ಊಟ ಮಾಡುತ್ತಿದ್ದ. ಗೇಟಿನ ಹೊರಗಿನ ಅಂಗಡಿಯಲ್ಲಿ ಹೊಸ ಚಪ್ಪಲಿ ಕೊಂಡು, ಹಳೆಯದನ್ನು ಇಲ್ಲೇ ಬಿಟ್ಟು ಹೋಗಿದ್ದ! ಹುಡುಕಲು ಹೋದ ಗೈಡ್ ಒಬ್ಬ ಜಾರಿ ಬಿದ್ದು ಕೈ ಮುರಿದುಕೊಂಡ. ಅಂದಿನಿಂದ ಹಾಜರಿ ಪುಸ್ತಕದಲ್ಲಿ ಇವರ ಹೆಸರಿನ ಮುಂದೆ ಕೆಂಪು ಶಾಯಿಯ ಒಂದು ಸಾಲಿದೆ. ಇನ್ನೊಂದು ಸುಳ್ಳು ಕೂಗು ಹಾಕಿದರೆ ಕೆಲಸ ಹೋಗುತ್ತದೆ.

"ಆ ಗೈಡ್ ಕೈ ನೋಡಿದಾಗೆಲ್ಲ ಮುಖ ಆ ಕಡೆ ತಿರುಗಿಸ್ಕೋತೀನಿ. ಸಂಜೆ ನಾಲ್ಕಾದ್ರೆ ಸಾಕು, ಹಲಗೆ ಮುಂದೆನೇ ನಿಂತ್ಕೋತೀನಿ. ಅದು ಖಾಲಿ ಆಗೋವರೆಗೂ ನೀರು ಕುಡಿಯೋಕೂ ಅಲ್ಲಿಂದ ಕದಲಲ್ಲ" ಎನ್ನುತ್ತಾರೆ.

ಈ ಶನಿವಾರ ಒಂಬತ್ತು ಗಂಟೆಗೆ ಎರಡು ವ್ಯಾನುಗಳು ಬಂದು ನಿಲ್ಲುತ್ತವೆ. ಹನ್ನೊಂದು ಮಂದಿ ಹುಡುಗ ಹುಡುಗಿಯರು, ಈಗಷ್ಟೇ ಓದು ಮುಗಿಸಿ, ಕೆಲಸಕ್ಕೆ ಸೇರಿ ಚೆಲ್ಲಾಪಿಲ್ಲಿಯಾಗುವ ಮೊದಲು ಒಟ್ಟಿಗೆ ಊರು ಸುತ್ತಲು ಹೊರಟವರು. ಮಾಡಿನ ಕೆಳಗೆಲ್ಲ ನಗು, ಕೇಕೆ. ಕೂದಲನ್ನು ಜುಟ್ಟು ಕಟ್ಟಿಕೊಂಡ ಹುಡುಗನೊಬ್ಬ ಬೂಟು ತೊಟ್ಟು ಕವಾಯತು ಮಾಡುತ್ತಾನೆ. ಎಲ್ಲರಿಗಿಂತ ಕುಳ್ಳಗಿರುವ ಹುಡುಗಿಯನ್ನು ಗೆಳೆಯರು ಗುಬ್ಬಿ ಎಂದು ಕರೆಯುತ್ತಾರೆ. ಅವಳು ತನ್ನ ಬಿಳಿ ಕ್ಯಾನ್ವಾಸ್ ಶೂಗಳನ್ನು ತಾನೇ ಹಲಗೆಯ ಮೇಲೆ ಜೋಡಿಸಿ, "ಆಂಟಿ, ಹೊಸಾದು. ಸ್ವಲ್ಪ ನೋಡ್ಕೊಳ್ಳಿ" ಎನ್ನುತ್ತಾಳೆ. "ನನ್ನ ಕಣ್ಣಲ್ಲೇ ಇರುತ್ತೆ ಹೋಗಮ್ಮ" ಎಂದು ಬೂಟಕ್ಕ ಅವಳಿಗೂ ಒಂದು ಜೊತೆ ಬೂಟು ಕೊಟ್ಟು ಕಳಿಸುತ್ತಾರೆ.

ಮೂರೂವರೆಗೆ ಮಳೆ ಹಿಡಿಯುತ್ತದೆ. ಒಳಗಿದ್ದವರೆಲ್ಲ ಒಂದೇ ಸಮನೆ ಓಡಿ ಬರುತ್ತಾರೆ. ತೊಟ್ಟಿಗೆ ಬೂಟು ಬೀಳುವ ಸದ್ದು, ಹಲಗೆಯ ಮುಂದೆ ನೂಕುನುಗ್ಗಲು. ರೈಲು ಹಿಡಿಯಬೇಕೆಂದು ಹನ್ನೊಂದರ ಗುಂಪಿನ ಮೊದಲ ವ್ಯಾನು ನಾಲ್ಕು ಗಂಟೆಗೇ ಹೊರಡುತ್ತದೆ. ಕಾಡಿನೊಳಗಿನ ವೀಕ್ಷಣಾ ಗೋಪುರದವರೆಗೂ ಹೋಗಿದ್ದ ಉಳಿದವರು ನಾಲ್ಕೂವರೆಗೆ ತೋಯ್ದು ತೊಪ್ಪೆಯಾಗಿ ಬರುತ್ತಾರೆ. ಐದು ಗಂಟೆಗೆ ಗುಮಾಸ್ತ ತೊಟ್ಟಿಯ ಬಳಿ ನಿಂತು ಎಣಿಸುತ್ತಾನೆ. "ಹೋಗಿದ್ದು ತೊಂಬತ್ತಾರು, ಬಂದಿದ್ದು ತೊಂಬತ್ತಾರು. ಗೇಟು ಹಾಕಿ!"

ಬೂಟಕ್ಕ ಹಲಗೆಯ ಕಡೆ ತಿರುಗುತ್ತಾರೆ. ಏಳನೇ ಸಾಲಿನಲ್ಲಿ ಬಿಳಿ ಕ್ಯಾನ್ವಾಸ್ ಶೂ ಕೂತಿದೆ.

ಕಣ್ಣ ಮುಂದೆ ಕೆಂಪು ಶಾಯಿ, ಗೈಡ್‌ನ ಮುರಿದ ಕೈ. ಸುಮ್ಮನಿದ್ದರೆ ಯಾರೂ ಕೇಳುವುದಿಲ್ಲ. ಬೂಟು ಸರಿಯಿದೆ, ಲೆಕ್ಕ ಸರಿಯಿದೆ. ಹೊರಗೆ ಎರಡನೇ ವ್ಯಾನಿನ ಎಂಜಿನ್ ಗುರುಗುಡುತ್ತಿದೆ. ಬೂಟಕ್ಕ ಶೂಗಳನ್ನು ಎದೆಗೆ ಒತ್ತಿಕೊಂಡು ಮಳೆಯಲ್ಲೇ ಓಡುತ್ತಾರೆ.

"ಇದು ಗುಬ್ಬೀದು!" ವ್ಯಾನಿನ ಕಿಟಕಿಯಿಂದ ಜುಟ್ಟಿನ ಹುಡುಗ ನಗುತ್ತಾ ಕೈ ಚಾಚುತ್ತಾನೆ. "ಮರೆತು ಹೋಗಿದ್ದಾಳೆ ನೋಡಿ. ಮೊದಲ ಗಾಡೀಲಿ ಹೋದಳು. ಕೊಡಿ ಆಂಟಿ, ನಾವು ತಲುಪಿಸ್ತೀವಿ."

ಕೊಟ್ಟುಬಿಟ್ಟರೆ ಅಲ್ಲಿಗೆ ಮುಗಿಯಿತು. ಬೂಟಕ್ಕ ಕೊಡುವುದಿಲ್ಲ.

"ಅವಳು ಗಾಡಿ ಹತ್ತಿದ್ದನ್ನ ನೀವು ನೋಡಿದ್ರಾ?"

"ಇಲ್ಲ, ನಾವು ಹಿಂದೆ ಇದ್ವಲ್ಲ. ತೊರೆ ಹತ್ರ ಕಾಲು ಉರಿ ಅಂತ ಬೂಟು ಬಿಚ್ಚಿ ನನ್ನ ಕೈಗೆ ಕೊಟ್ಟಳು. ನೀವು ಗೋಪುರಕ್ಕೆ ಹೋಗಿ, ನಾನು ಮೊದಲ ಗಾಡಿಯವರ ಜೊತೆ ವಾಪಸ್ ಹೋಗ್ತೀನಿ ಅಂದಳು. ಬೂಟು ನಾನೇ ತಂದು ಹಾಕಿದೆ."

ತೊಟ್ಟಿಯ ಲೆಕ್ಕ ಹೇಗೆ ಸರಿಹೋಯಿತು ಎಂಬುದು ಬೂಟಕ್ಕನಿಗೆ ಈಗ ತಿಳಿಯುತ್ತದೆ. "ಅಂದ್ರೆ ಬರಿಗಾಲು. ಬ್ಯಾಗಲ್ಲಿ ಬೇರೆ ಚಪ್ಪಲಿ ಇತ್ತಾ?" ಹುಡುಗ ತಲೆಯಾಡಿಸುತ್ತಾನೆ, ಇಲ್ಲ. ನಗು ಮುಖದಿಂದ ಇಳಿಯತೊಡಗಿದೆ.

ಸೂಪರ್‌ವೈಸರ್ ಛತ್ರಿ ಹಿಡಿದು ಬರುತ್ತಾರೆ. ಕೆಟ್ಟ ಮನುಷ್ಯರೇನಲ್ಲ, ಅವರಿಗೂ ಮೇಲಿನವರ ಹೆದರಿಕೆ. "ಮತ್ತೆ ಶುರು ಮಾಡಿದ್ಯಾ ತಾಯಿ? ಇವರು ಕೆಳಗೆ ಹೋಗಿ ಮೊದಲ ಗಾಡಿಗೆ ಫೋನ್ ಮಾಡಿ ಕೇಳ್ಲಿ. ಆಮೇಲೆ ನೋಡೋಣ."

"ಸಿಗ್ನಲ್ ಸಿಗೋಕೆ ಹನ್ನೆರಡು ಕಿಲೋಮೀಟರ್ ಇಳೀಬೇಕು ಸಾರ್. ಇವರು ಕೇಳಿ, ವಾಪಸ್ ಬಂದು ಹೇಳೋ ಹೊತ್ತಿಗೆ ಕಾಡೊಳಗೆ ಕಣ್ಣು ಕಾಣಲ್ಲ."

"ಈ ಸಲಾನೂ ಸುಳ್ಳಾದ್ರೆ ನನ್ನ ಕೈಲಿ ಏನೂ ಇಲ್ಲಮ್ಮ."

ಬೂಟಕ್ಕ ಕೈಯೆತ್ತಿ ಗೇಟಿನಿಂದ ವ್ಯಾನಿನವರೆಗಿನ ಅಂಗಳ ತೋರಿಸುತ್ತಾರೆ. ಅಷ್ಟೂ ಹೊಸದಾಗಿ ಹಾಕಿಸಿದ ಚೂಪು ಜಲ್ಲಿ. "ಟಾರು ರಸ್ತೆ ಮೇಲೆ ಬೆಳೆದ ಕಾಲು ಸಾರ್. ಈ ಕಲ್ಲಿನ ಮೇಲೆ ಹತ್ತು ಹೆಜ್ಜೆ ಇಡೋ ಮೊದಲು ಅಯ್ಯೋ ಅಮ್ಮಾ ಅಂತ ಶೂ ಹುಡುಕ್ಕೊಂಡು ಬರುತ್ತೆ. ಆ ಹುಡುಗಿ ಈ ಅಂಗಳ ದಾಟಿಲ್ಲ. ಕೆಲಸ ಹೋದ್ರೆ ಹೋಗ್ಲಿ, ಗೇಟು ಹಾಕೋಕೆ ಬಿಡಲ್ಲ."

ಸೂಪರ್‌ವೈಸರ್ ಒಮ್ಮೆ ಜಲ್ಲಿ ನೋಡುತ್ತಾರೆ, ಒಮ್ಮೆ ಶೂ ನೋಡುತ್ತಾರೆ. ಹಾಳಾಗಿ ಹೋಗಲಿ ಎಂಬಂತೆ ಛತ್ರಿ ಮಡಚಿ ಗೈಡುಗಳನ್ನು ಕೂಗುತ್ತಾರೆ. ಮೂವರು ಟಾರ್ಚು ಹಿಡಿದು ತೊರೆಯ ದಾರಿ ಹಿಡಿಯುತ್ತಾರೆ. ಎಲ್ಲರಿಗಿಂತ ಮುಂದೆ ಹೊರಟವನು ಅದೇ ಕೈ ಮುರಿದುಕೊಂಡಿದ್ದ ಗೈಡ್. ಅದನ್ನು ಕಂಡು ಬೂಟಕ್ಕನಿಗೆ ಅಳು ಉಕ್ಕುತ್ತದೆ.

ಆಮೇಲೆ ಕಾಯುವ ಕೆಲಸ. ವ್ಯಾನಿನ ಐವರೂ ಇಳಿದು ಮಾಡಿನ ಬೆಂಚಿನ ಮೇಲೆ ಮುದುರಿ ಕೂರುತ್ತಾರೆ. ಮಳೆ ನಿಂತು ಜೀರುಂಡೆಗಳ ಗದ್ದಲ ಶುರುವಾಗಿದೆ, ಕೂಗಿದರೂ ಕೇಳಿಸದಷ್ಟು. ಬೂಟಕ್ಕ ತೊಳೆದ ಬೂಟನ್ನೇ ಮತ್ತೆ ತೊಳೆಯುತ್ತಾರೆ. ಹುಡುಗಿ ಒಳಗೆ ಇರದಿದ್ದರೆ ಇವರ ಗತಿ? ಇದ್ದರೆ ಹುಡುಗಿಯ ಗತಿ? ಯಾವುದನ್ನು ಬೇಡಿಕೊಳ್ಳುವುದೆಂದೇ ತೋಚದೆ ಪೇಚಾಡುತ್ತಾರೆ. ಕಡೆಗೆ, "ನಂದು ಸುಳ್ಳೇ ಆಗ್ಲಪ್ಪ, ಮಗು ಆರಾಮಾಗಿ ರೈಲಲ್ಲಿ ಕೂತಿರ್ಲಿ" ಎಂದು ಗೊಣಗುತ್ತಾರೆ.

ಬೆಂಚಿನ ಮೇಲೆ ಜುಟ್ಟಿನ ಹುಡುಗ ಮೊಬೈಲಿನಲ್ಲಿ ಫೋಟೋ ಸರಿಸುತ್ತಿದ್ದಾನೆ. ಇದ್ದಕ್ಕಿದ್ದಂತೆ ಅವನ ಬೆರಳು ನಿಲ್ಲುತ್ತದೆ. "ಬೆಳಗ್ಗಿಂದ ಮುನ್ನೂರು ಫೋಟೋ ತೆಗ್ದಿದ್ದೀನಿ. ಎರಡು ಗಂಟೆ ಮೇಲೆ ಒಂದರಲ್ಲೂ ಗುಬ್ಬಿ ಇಲ್ಲ. ಅವರ ಜೊತೆ ಸೇರಿದ್ಲಾ ಅಂತ ನಾವು ಒಬ್ಬರಾದ್ರೂ ತಿರುಗಿ ನೋಡಬೇಡ್ವಾ? ಅವರೂ ನಮ್ಮ ಜೊತೆ ಇದ್ದಾಳೆ ಅಂದ್ಕೊಂಡಿರ್ತಾರೆ."

ಪಕ್ಕದ ಹುಡುಗಿ ಕಣ್ಣೊರೆಸಿಕೊಳ್ಳುತ್ತಾಳೆ. "ಆ ದೊಡ್ಡ ಮರ ನೋಡ್ತಾ, ಇಂಥ ಜಾಗ ಬಿಟ್ಟು ಹೋಗೋಕೇ ಮನಸಿಲ್ಲ ಅಂತ ಹೇಳ್ತಿದ್ದೆ. ಆ ಹೊತ್ತಿಗೆ ಅವಳು ಬರಿಗಾಲಲ್ಲಿ ಎಲ್ಲೋ ಒಬ್ಬಳೇ ಇದ್ಲು. ಮನೆಗೆ ಹೋದ್ಮೇಲೆ ಕಾಡು ಹೇಗಿತ್ತು ಅಂತ ಕೇಳಿದ್ರೆ ಏನು ಹೇಳ್ಲಿ?" ನಾಲ್ಕು ವರ್ಷ ಒಂದೇ ತಟ್ಟೆಯಲ್ಲಿ ಉಂಡವರು ಈಗ ಒಬ್ಬರ ಮುಖ ಒಬ್ಬರು ನೋಡಲಾರರು.

ಆರೂ ಕಾಲಿಗೆ ಸೀಟಿ ಕೇಳಿಸುತ್ತದೆ. ಎರಡು ಸೀಟಿ ಎಂದರೆ ಸಿಕ್ಕಿದ್ದಾರೆ. ಬೂಟಕ್ಕನ ಕೈಯಲ್ಲಿದ್ದ ಬ್ರಷ್ ತೊಟ್ಟಿಗೆ ಬೀಳುತ್ತದೆ.

ಗೈಡ್ ಒಬ್ಬನ ಬೆನ್ನ ಮೇಲೆ ಗುಬ್ಬಿ ಬರುತ್ತಾಳೆ. ತೊರೆಯ ಕಲ್ಲು ಜಾರಿ ಪಾದ ಉಳುಕಿ ಕುಂಬಳಕಾಯಿಯಂತೆ ಊದಿದೆ. ಅಂಗಾಲಿನಲ್ಲಿ ಮುಳ್ಳು, ಕಾಲ ತುಂಬ ಜಿಗಣೆ. ಕೂಗಿ ಕೂಗಿ ದನಿ ಬಿದ್ದುಹೋಗಿದೆ. ಗೆಳೆಯರು ಮುತ್ತಿಕೊಂಡು ಅಳುತ್ತಾರೆ, ಬೈಯುತ್ತಾರೆ, ಮತ್ತೆ ಅಳುತ್ತಾರೆ. ಬೂಟಕ್ಕ ಅವರನ್ನೆಲ್ಲ ಪಕ್ಕಕ್ಕೆ ಸರಿಸಿ, ನೆಲದ ಮೇಲೆ ಕೂತು, ಅವಳ ಪಾದಗಳನ್ನು ಮಡಿಲಿಗೆ ಎಳೆದುಕೊಂಡು ಉಪ್ಪು ಸವರುತ್ತಾರೆ. ಇಪ್ಪತ್ತಮೂರು ಜಿಗಣೆ ಉದುರುತ್ತವೆ.

"ಎಲ್ಲರೂ ಹೊರಟುಹೋದ್ರು ಅಂದ್ಕೊಂಡೆ ಆಂಟಿ."

"ನಿನ್ನ ಶೂ ಇಲ್ಲೇ ಇತ್ತಲ್ಲಮ್ಮ, ಹೇಗೆ ಹೋಗ್ತಾರೆ?"

ಸೂಪರ್‌ವೈಸರ್ ವರದಿ ಬರೆಯಲು ಕೂರುತ್ತಾರೆ. ಸಂದರ್ಶಕಿ ಬೂಟು ಬಿಚ್ಚಿದ್ದೇಕೆ ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ. ಗುಬ್ಬಿ ತಲೆ ತಗ್ಗಿಸಿ, "ನನ್ನದೇ ತಪ್ಪು ಸಾರ್" ಎನ್ನುತ್ತಾಳೆ.

"ಅವಳ ತಪ್ಪಲ್ಲ, ಹಾಗೆ ಬರೀಬೇಡಿ" ಎಂದು ಬೂಟಕ್ಕ ಅವಳ ಹಿಮ್ಮಡಿ ಎತ್ತಿ ತೋರಿಸುತ್ತಾರೆ. ಎರಡೂ ಹಿಮ್ಮಡಿಯ ಚರ್ಮ ಸುಲಿದು ಕೆಂಪಗಾಗಿದೆ. "ಇವಳದು ಮೂರನೇ ನಂಬರ್ ಕಾಲು. ನಾನು ಕೊಟ್ಟಿದ್ದು ಐದು. ಐದಕ್ಕಿಂತ ಚಿಕ್ಕದು ನಮ್ಮಲ್ಲಿ ಇಲ್ವೇ ಇಲ್ಲ. ಬೆಳಗ್ಗೆ ಕಾಲು ನೋಡಿದ ಕೂಡ್ಲೇ ನನಗೆ ಗೊತ್ತಾಯ್ತು. ಗೊತ್ತಿದ್ದೂ ಕೊಟ್ಟೆ, ಹನ್ನೊಂದು ವರ್ಷದಿಂದ ಕೊಟ್ಟ ಹಾಗೇ."

ಸೂಪರ್‌ವೈಸರ್ ಕನ್ನಡಕ ಒರೆಸಿಕೊಂಡು, "ಆ ಕೆಂಪು ಸಾಲು ನಾನೇ ಹೊಡೆದುಹಾಕ್ತೀನಿ. ನಿನ್ನ ಹೆಸರು ಮೇಲಕ್ಕೆ ಕಳಿಸ್ತೀನಿ, ಏನಾದ್ರೂ ಬಹುಮಾನ ಕೊಡ್ತಾರೆ" ಎನ್ನುತ್ತಾರೆ.

"ಬಹುಮಾನ ಹಾಗಿರ್ಲಿ ಸಾರ್. ಮೂರನೇ ನಂಬರ್ ಹತ್ತು ಜೊತೆ, ನಾಲ್ಕನೇ ನಂಬರ್ ಹತ್ತು ಜೊತೆ ಬೇಕು ಅಂತ ಬರೀರಿ. ಈಗಲೇ ಬರೀರಿ" ಎಂದು ಬೂಟಕ್ಕ ಮೇಜಿನ ಪಕ್ಕದಲ್ಲೇ ನಿಲ್ಲುತ್ತಾರೆ. "ನಾಳೆ ಭಾನುವಾರ. ಬೆಳಗಾದ್ರೆ ಇನ್ನೊಂದು ಚಿಕ್ಕ ಕಾಲು ಬರುತ್ತೆ."