ಭಾಷಣದ ಮಧ್ಯೆ ಎದ್ದು ಹೋದ ವಿಜಯಲಕ್ಷ್ಮಿ

ಜಯನಗರದ ವಿಜಯಲಕ್ಷ್ಮಿಗೆ ಐವತ್ತೆಂಟು. ಟೆಲಿಫೋನ್ ಆಫೀಸಿನಿಂದ ಸ್ವಯಂನಿವೃತ್ತಿ ತೆಗೆದುಕೊಂಡ ವಾರಕ್ಕೇ ಶೂ ಕೊಂಡು ಓಡಲು ಶುರುಮಾಡಿದ ಹೆಂಗಸು. ವಾಕಿಂಗ್ ಅಲ್ಲ, ಓಟ. ಅದೂ ನೂರು ಮೀಟರಿನದು. "ಈ ವಯಸ್ಸಲ್ಲಿ ಯಾವ ಬಸ್ ಹಿಡಿಯಕ್ರೀ?" ಎಂದು ಪಾರ್ಕಿನ ಗೆಳತಿಯರು ಕಾಲೆಳೆದರೂ ಜಗ್ಗಲಿಲ್ಲ.

ಬಡಾವಣೆಯ ಹಿರಿಯರ ಕ್ರೀಡಾಕೂಟದಲ್ಲಿ ಮೊದಲ ಇಬ್ಬರಿಗೆ ಮಾತ್ರ ಮೈಸೂರಿನ ದೊಡ್ಡ ಕೂಟಕ್ಕೆ ಅವಕಾಶ. ಆಕೆ ಕಳೆದ ಮೂರು ವರ್ಷವೂ ಮೂರನೆಯವರು. ಒಂದು ಸಲವಾದರೂ ಮೈಸೂರಿನ ಟ್ರ್ಯಾಕಿನಲ್ಲಿ ಓಡಬೇಕೆಂಬುದೇ ಆಕೆಯ ಹಟ.

ಎಡವಟ್ಟು ಎಲ್ಲಾಗುತ್ತಿದೆಯೆಂದು ಹೇಳಿದವಳು ಮಹಡಿ ಮನೆಯ ಸಮನ್ವಿತಾ. ಫಿಸಿಯೋಥೆರಪಿ ಓದುವ ಹುಡುಗಿ. ಓಟಕ್ಕೆ ಮುಂಚೆ ವಿಜಯಲಕ್ಷ್ಮಿ ಯೋಗದ ಚಾಪೆ ಹಾಸಿ, ಹಣೆಯನ್ನು ಮಂಡಿಗೆ ತಾಗಿಸಿ ಎರಡೆರಡು ನಿಮಿಷ ಹಾಗೇ ಇರುತ್ತಿದ್ದರು. ನೋಡಿದವರು ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಮುಂದಿನ ಸಾಲಿನಲ್ಲಿ ಕೂತು ಉದ್ಘಾಟನಾ ಭಾಷಣ ಕೇಳುವುದು.

"ಆಂಟಿ, ಓಡೋ ಮುಂಚೆ ಹಾಗೆ ಎಳೆದು ಹಿಡ್ಕೊಂಡ್ರೆ ಕಾಲಿನ ಚುರುಕು ಕಮ್ಮಿ ಆಗತ್ತೆ. ಆಸನ ಎಲ್ಲಾ ಸಂಜೆ ಮಾಡಿ. ಓಟದ ದಿನ ನಿಧಾನಕ್ಕೆ ಜಾಗ್ ಮಾಡಿ, ಕಾಲು ಬೀಸಿ, ಮಂಡಿ ಎತ್ತೆತ್ತಿ ಕುಣೀರಿ, ಎರಡು ಮೂರು ಸಲ ಸ್ವಲ್ಪ ದೂರ ಜೋರಾಗಿ ಓಡಿ. ಆಮೇಲೆ ಕೂರ್ಬೇಡಿ. ಕಾದಿರೋ ಹೆಂಚನ್ನ ಇಳಿಸಿಟ್ಟು ಅರ್ಧ ಗಂಟೆ ಬಿಟ್ಟು ದೋಸೆ ಹುಯ್ತೀರಾ?"

ಮಾತು ಆಕೆಗೆ ಸರಿಯಾಗಿ ನಾಟಿತು. ಒಂದೇ ತಿಂಗಳಲ್ಲಿ ಸಮನ್ವಿತಾಳ ಮೊಬೈಲಿನ ಲೆಕ್ಕದಲ್ಲಿ ಓಟದ ಸಮಯ ಅರ್ಧ ಸೆಕೆಂಡು ಇಳಿಯಿತು.

ಆದರೆ ಈ ಸಲದ ಉದ್ಘಾಟಕರು ಸೇತುರಾಮ: ಆಕೆಯ ಗಂಡ ಮಾಧವರ ಅಣ್ಣ, ನಿವೃತ್ತ ಹೆಡ್‌ಮಾಸ್ಟರು. ಅವರು ಬಾಯಿ ತೆರೆದರೆ ಮನೆಯಲ್ಲಿ ಚಮಚದ ಸದ್ದೂ ಇರುವುದಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿದರೂ ಭಾವನ ಮಾತು ಮುಗಿಯುವವರೆಗೆ ವಿಜಯಲಕ್ಷ್ಮಿ ಕದಲಿದವರಲ್ಲ. ಮೂವತ್ತೆರಡು ವರ್ಷದ ಅಭ್ಯಾಸ.

ಆ ಭಾನುವಾರ ಬೆಳಿಗ್ಗೆ ಆಕೆ ಮೈ ಬಿಸಿಮಾಡಿಕೊಂಡು ಬೆವರೊರೆಸುತ್ತಿದ್ದಾಗ ಭಾವ ಮೈಕ್ ಹಿಡಿದರು. "ಎರಡೇ ಮಾತು" ಎಂದವರು ವೇದಕಾಲದಿಂದ ಶುರುಮಾಡಿದರು. ಆಕೆ ಮರ್ಯಾದೆಗೆ ಕೂತರು. ಹತ್ತು ನಿಮಿಷವಾಯಿತು, ಭಾವ ಇನ್ನೂ ಗುರುಕುಲದಲ್ಲೇ ಇದ್ದರು. ತೊಡೆ ತಣ್ಣಗಾಗುವುದು ಗೊತ್ತಾಗುತ್ತಿತ್ತು. ಈ ವರ್ಷವೂ ಹೋಯಿತು ಅನ್ನಿಸಿತು. ಎದ್ದೇಬಿಟ್ಟರು.

"ವಿಜಯಾ, ಅಣ್ಣ ಮಾತಾಡ್ತಿದಾನೆ, ಕೂತ್ಕೋ," ಎಂದರು ಮಾಧವ, ಗಾಬರಿಯಲ್ಲಿ.

"ಮಾತಾಡ್ಲಿ ಬಿಡಿ. ನಾನು ಓಡ್ಬೇಕು."

ಶಾಮಿಯಾನದ ಪಕ್ಕಕ್ಕೆ ಹೋಗಿ ಮಂಡಿ ಎತ್ತೆತ್ತಿ ಕುಣಿಯತೊಡಗಿದರು. ಜನರೆಲ್ಲ ಅತ್ತಲೇ ತಿರುಗಿದರು. ನಾಚಿಕೆಗೆ ಆಕೆಯ ಕಣ್ಣು ತುಂಬಿತು, ಆದರೆ ಕಾಲು ನಿಲ್ಲಿಸಲಿಲ್ಲ.

ಸೇತುರಾಮ ಕನ್ನಡಕ ತೆಗೆದು ನೋಡಿದರು. ಕೈಲಿದ್ದ ಹಾಳೆಗಳನ್ನು ಮಡಚಿ, "ಇನ್ನೂ ನಾಲ್ಕು ಪುಟ ಇತ್ತು. ಇರಲಿ," ಎಂದು ಕೂತುಬಿಟ್ಟರು.

ಓಟದ ಸೀಟಿ ಊದಿದರು. ವಿಜಯಲಕ್ಷ್ಮಿ ಎರಡನೆಯವರಾಗಿ ಗೆರೆ ದಾಟಿದರು, ಮೂರನೆಯವರಿಗಿಂತ ಒಂದೇ ಗೇಣು ಮುಂದೆ.

ಖುಷಿಯೆಲ್ಲ ಮನೆ ಬಾಗಿಲವರೆಗೆ ಮಾತ್ರ. ಮಧ್ಯಾಹ್ನ ಭಾವನಿಗೆ ಸಾರು ಬಡಿಸುವಾಗ ಆಕೆ ಅವರ ಮುಖ ನೋಡಲಿಲ್ಲ.

"ಮೈಸೂರಲ್ಲೂ ಭಾಷಣ ಇರತ್ತಾ?" ಎಂದರು ಅವರು, ತಲೆಯೆತ್ತದೆ.

"ಇರತ್ತೆ ಭಾವ."

"ಅಲ್ಲೂ ನನ್ನ ಥರ ಒಬ್ಬ ಕೊರೀತಾನೆ. ಮರ್ಯಾದೆ ಅಂತ ಕೂತ್ಬಿಡಬೇಡ ಮತ್ತೆ."

ವಿಜಯಲಕ್ಷ್ಮಿ ಸೌಟು ಕೆಳಗಿಟ್ಟರು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಸಲ, ಭಾವನ ಎದುರಿಗೇ ಕುರ್ಚಿ ಎಳೆದುಕೊಂಡು ಊಟಕ್ಕೆ ಕೂತರು.